ಅಭಿಮಾನದ ಚಿತ್ರದಿಂದ ಸ್ವಂತ ಸಹಿಯವರೆಗೆ

ಪುಣೆಯಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿರುವ ಬಾರಾಮತಿಯನ್ನು ನೆನೆಸಿಕೊಳ್ಳಿ. ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ಕಾಲೇಜು, ಕೈಗಾರಿಕಾ ವಸಾಹತು ಎಲ್ಲ ಇರುವ ತಾಲ್ಲೂಕು ಊರು. ಅಂಥ ಊರಿನಲ್ಲಿ ಒಬ್ಬ ಹುಡುಗ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ರಾಜ್ ಕಾಮಿಕ್ಸ್‌ನ ನಾಗರಾಜನನ್ನು ಬಿಡಿಸುತ್ತಾನೆ. ಗಡಿಯ ಈಚೆ ನಮ್ಮ ಇಂಡಿಯಲ್ಲೋ ಗಂಗಾವತಿಯಲ್ಲೋ ಒಬ್ಬ ಹುಡುಗಿ ಜಪಾನಿನ ನರುಟೋನನ್ನು ನೋಡಿ ನೋಡಿ ಬಿಡಿಸುತ್ತಾಳೆ. ಇಬ್ಬರ ಮನೆಯಲ್ಲೂ ಕೇಳುವ ಪ್ರಶ್ನೆ ಒಂದೇ: ಇದರಿಂದ ಹೊಟ್ಟೆ ತುಂಬುತ್ತಾ? ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ: ಇದು ಸರಿನಾ?

ನೀವು ತಂದೆತಾಯಿ ಆಗಿದ್ದರೆ ಅಥವಾ ಆ ನೋಟ್‌ಬುಕ್ಕಿನ ಒಡೆಯರೇ ಆಗಿದ್ದರೆ, ಈ ಎರಡೂ ಪ್ರಶ್ನೆಗಳಿಗೆ ಸಮಾಧಾನವಾಗಿ ಉತ್ತರ ಹುಡುಕೋಣ ಬನ್ನಿ.

ಮೊದಲು ಪದದ ಅರ್ಥ. ಬೇರೆಯವರು ಸೃಷ್ಟಿಸಿದ ಪಾತ್ರವನ್ನು ಅದರ ಮೇಲಿನ ಪ್ರೀತಿಯಿಂದ ತಾನೇ ಬಿಡಿಸಿದರೆ ಅದನ್ನು ಫ್ಯಾನ್ ಆರ್ಟ್ ಅಂತಾರೆ. ಅಭಿಮಾನಿ ಚಿತ್ರ ಎಂದು ನಾವು ಕರೆಯೋಣ. ಸ್ಪೈಡರ್‌ಮ್ಯಾನ್ ಇರಬಹುದು, ಸುಪ್ಪಾಂಡಿ ಇರಬಹುದು. ಪಾತ್ರ ನಿಮ್ಮದಲ್ಲ, ಕೈ ಮಾತ್ರ ನಿಮ್ಮದು. ಈ ಕೈ ಒಂದು ದಿನ ಪ್ರಕಾಶಕರ ಪುಟದ ಮೇಲೆ ಕೆಲಸ ಮಾಡಬಹುದೇ? ಮಾಡಬಹುದು. ಮಾಡಿದವರು ಇದ್ದಾರೆ. ಆದರೆ ನಡುವೆ ಒಂದು ಹೊಳೆ ಇದೆ. ಅದನ್ನು ದಾಟುವುದು ಹೇಗೆ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮೈಸೂರಿನ ಹುಡುಗ ಮತ್ತು ಒಂದು ಸಹಿ

ನಮ್ಮ ನಾಡಿನಲ್ಲೇ ಈ ದಾರಿ ನಡೆದ ಅತಿ ದೊಡ್ಡ ಹೆಸರು ಆರ್.ಕೆ. ಲಕ್ಷ್ಮಣ್. ಕಾಮಿಕ್ಸ್ ಪುಸ್ತಕವಲ್ಲ, ಪತ್ರಿಕೆಯ ವ್ಯಂಗ್ಯಚಿತ್ರ ಅವರ ಕ್ಷೇತ್ರ. ಆದರೆ ದಾರಿ ಅದೇ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಶಾಲಾ ಮುಖ್ಯೋಪಾಧ್ಯಾಯರ ಮಗ. ಗೋಡೆ, ನೆಲ, ಬಾಗಿಲು ಎಲ್ಲದರ ಮೇಲೂ ಗೀಚುತ್ತಿದ್ದ ಹುಡುಗ. ಮನೆಗೆ ಬರುತ್ತಿದ್ದ 'ದಿ ಹಿಂದೂ' ಪತ್ರಿಕೆಯಲ್ಲಿ ಬ್ರಿಟನ್ನಿನ ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರನ ಚಿತ್ರಗಳು ಅಚ್ಚಾಗುತ್ತಿದ್ದವು. ಹುಡುಗ ಲಕ್ಷ್ಮಣ್ ಅವುಗಳ ಕಟ್ಟಾ ಅಭಿಮಾನಿ. ಆ ಸಹಿಯ ಮೊದಲ ಅಕ್ಷರ ಸರಿಯಾಗಿ ತಿಳಿಯದೆ ಬಹಳ ದಿನ ಅದನ್ನು 'ಕೌ' ಎಂದೇ ಓದುತ್ತಿದ್ದರಂತೆ! ಹೆಸರು ಓದಲು ಬಾರದಿದ್ದರೂ ಗೆರೆ ಓದಲು ಬರುತ್ತಿತ್ತು.

ಮುಂದೆ ಮುಂಬೈಯ ಜೆ.ಜೆ. ಕಲಾ ಶಾಲೆಗೆ ಅರ್ಜಿ ಹಾಕಿದರು. ಪ್ರವೇಶಕ್ಕೆ ಬೇಕಾದ ಪ್ರತಿಭೆ ಈ ಚಿತ್ರಗಳಲ್ಲಿ ಕಾಣುತ್ತಿಲ್ಲ ಎಂಬರ್ಥದ ಉತ್ತರ ಬಂತು. ಲಕ್ಷ್ಮಣ್ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು. ಓದುತ್ತಲೇ ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದರು. ಡಾ. ಎಂ. ಶಿವರಾಂ ಅಂದರೆ ನಮ್ಮ 'ರಾಶಿ' 1942ರಲ್ಲಿ ಬೆಂಗಳೂರಿನಿಂದ ಶುರು ಮಾಡಿದ ಹಾಸ್ಯ ಪತ್ರಿಕೆ 'ಕೊರವಂಜಿ'ಗೂ ಬರೆದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಒಂದು ಸಣ್ಣ ಕನ್ನಡ ಪತ್ರಿಕೆ ಹೊಸ ಕೈಗಳಿಗೆ ಜಾಗ ಕೊಟ್ಟಿತು. ಆಮೇಲೆ ಮುಂಬೈಯ ಫ್ರೀ ಪ್ರೆಸ್ ಜರ್ನಲ್, ನಂತರ ಟೈಮ್ಸ್ ಆಫ್ ಇಂಡಿಯಾ, ಅಲ್ಲಿ ಚೌಕಳಿ ಕೋಟಿನ 'ಶ್ರೀಸಾಮಾನ್ಯ'. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ್ದು ಪ್ರಶಸ್ತಿಯನ್ನಲ್ಲ. ಲಕ್ಷ್ಮಣ್ ಅವರ ಕುಂಚದ ದಪ್ಪ ಗೆರೆಯಲ್ಲಿ ಲೋ ಅವರ ಛಾಯೆ ಇದೆ. ಆದರೆ 'ಶ್ರೀಸಾಮಾನ್ಯ' ಲೋ ಅವರವನಲ್ಲ. ಗೆರೆಯನ್ನು ಗುರುವಿನಿಂದ ಪಡೆದರು, ನೋಡುವ ಕಣ್ಣನ್ನು ತನ್ನ ಬೀದಿಯಿಂದ ಪಡೆದರು.

ಮಶ್ಕ್ ಎಂದರೆ ಇದೇ

ನಮಗೆ ಇದು ಹೊಸ ವಿಷಯವೇ ಅಲ್ಲ. ಖತ್ತಾತಿ, ಅಂದರೆ ಸುಂದರ ಬರವಣಿಗೆಯ ಕಲೆಯಲ್ಲಿ ಶಾಗಿರ್ದ್ ಮೊದಲು ಮಾಡುವುದು ಮಶ್ಕ್. ಉಸ್ತಾದರು ಬರೆದುಕೊಟ್ಟ ಅಲಿಫ್, ಬೇ, ಜೀಮ್‌ಗಳನ್ನು ನೋಡಿ, ಹಾಗೇ ಮತ್ತೆ ಮತ್ತೆ ಬರೆಯುವುದು. ಚುಕ್ಕೆ ಅಳೆದು ಬರೆಯುವುದು. ಯಾರೂ ಅದನ್ನು ಕಳ್ಳತನ ಎನ್ನಲಿಲ್ಲ. ಕೈ ಪಳಗಿದ ಮೇಲೆ ಉಸ್ತಾದರು ಇಜಾಝತ್ ಕೊಡುತ್ತಿದ್ದರು. ಇಜಾಝತ್ ಎಂದರೆ ಬರೀ ಪ್ರಮಾಣಪತ್ರವಲ್ಲ. ಇನ್ನು ಮುಂದೆ ನಿನ್ನ ಬರಹದ ಕೆಳಗೆ ನಿನ್ನ ಹೆಸರನ್ನೇ ಹಾಕಬಹುದು ಎಂಬ ಅನುಮತಿ.

ಅಭಿಮಾನಿ ಚಿತ್ರ ಅನ್ನುವುದು ಮಶ್ಕ್. ವೃತ್ತಿ ಅನ್ನುವುದು ಇಜಾಝತ್‌ನ ನಂತರದ ಬದುಕು. ಮಗು ನಕಲು ಮಾಡುತ್ತಿದೆ ಅಂತ ಬೈಯುವವರು ಮಶ್ಕನ್ನೇ ಬೈಯುತ್ತಿದ್ದಾರೆ. ಹತ್ತು ವರ್ಷ ನಕಲನ್ನೇ ಮಾಡುತ್ತ ಕೂತವರು ಇಜಾಝತ್ ಕೇಳಲು ಹೋಗಿಯೇ ಇಲ್ಲ. ಎರಡೂ ತಪ್ಪೇ.

ಇನ್ನು 'ಸರಿನಾ' ಎಂಬ ಪ್ರಶ್ನೆ. ಫತ್ವಾ ಕೊಡುವುದು ಶಾಲಾ ಶಿಕ್ಷಕರ ಕೆಲಸವಲ್ಲ, ಆ ಅಧಿಕಾರವೂ ನನಗಿಲ್ಲ. ಜೀವವಿರುವವುಗಳ ಚಿತ್ರದ ಬಗ್ಗೆ ಆಲಿಮರಲ್ಲಿ ಭಿನ್ನ ಅಭಿಪ್ರಾಯಗಳಿವೆ. ಪೂರ್ತಿ ಬೇಡ ಎನ್ನುವವರಿದ್ದಾರೆ. ಮೂರ್ತಿ ಬೇರೆ, ಹಾಳೆಯ ಮೇಲಿನ ಚಿತ್ರ ಬೇರೆ ಎನ್ನುವವರಿದ್ದಾರೆ. ಹಜ್ರತ್ ಆಯಿಶಾ ಅವರು ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದರೆಂಬ ಹದೀಸನ್ನು ಮುಂದಿಟ್ಟು ಮಕ್ಕಳ ಕಲಿಕೆಗೆ ಅವಕಾಶ ಕೊಡುವವರೂ ಇದ್ದಾರೆ. ಪ್ರವಾದಿಗಳ ಚಿತ್ರ ಬಿಡಿಸಬಾರದು ಎಂಬ ಅದಬ್ ಮಾತ್ರ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ. ಉಳಿದದ್ದನ್ನು ನಿಮಗೆ ನಂಬಿಕೆ ಇರುವ ಆಲಿಮರಲ್ಲಿ ಕೇಳಿ. ಕೇಳುವಾಗ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಾರಣ ಹೇಳದೆ ನೋಟ್‌ಬುಕ್ ಹರಿದು ಹಾಕಿದರೆ ಮಗು ದೀನನ್ನು ಕಲಿಯುವುದಿಲ್ಲ, ಮುಚ್ಚಿಡುವುದನ್ನು ಕಲಿಯುತ್ತದೆ.

ಚರಿತ್ರೆಯನ್ನೂ ಸ್ವಲ್ಪ ನೋಡಿ. 1237ರಲ್ಲಿ ಯಾಹ್ಯಾ ಅಲ್ ವಾಸಿತಿ ಎಂಬ ಕಲಾವಿದ ಅಲ್ ಹರೀರಿಯ 'ಮಕಾಮಾತ್' ಕಥೆಗಳ ಹಸ್ತಪ್ರತಿಗೆ ಚಿತ್ರ ಬರೆದ. ಅಕ್ಬರನ ಕಾಲದಲ್ಲಿ ಅಮೀರ್ ಹಮ್ಝಾ ದಾಸ್ತಾನಿಗೆ ಸುಮಾರು 1400 ದೊಡ್ಡ ಚಿತ್ರಗಳು ತಯಾರಾದವು. ಮುಂದೆ ಚಿತ್ರ, ಹಾಳೆಯ ಹಿಂದೆ ಕಥೆ. ಕಾಮಿಕ್ಸ್‌ಗೆ ಇದಕ್ಕಿಂತ ಹತ್ತಿರದ ನೆಂಟ ಬೇಕೇ? ಅಷ್ಟು ದೂರ ಯಾಕೆ, ನಮ್ಮ ವಿಜಯಪುರದಲ್ಲೇ ಅಲಿ ಆದಿಲ್ ಶಾನ ಕಾಲದಲ್ಲಿ, 1570ರಲ್ಲಿ, 'ನುಜೂಮ್ ಅಲ್ ಉಲೂಮ್' ಎಂಬ ಗ್ರಂಥ ನೂರಾರು ಚಿತ್ರಗಳೊಂದಿಗೆ ಸಿದ್ಧವಾಯಿತು. ಅದು ಈಗ ಡಬ್ಲಿನ್‌ನಲ್ಲಿದೆ.

ಹೊಳೆ ದಾಟಿದವರು

ಅಮೆರಿಕದಲ್ಲಿ 1960ರ ದಶಕದಲ್ಲಿ ಅಭಿಮಾನಿಗಳೇ ಅಚ್ಚು ಹಾಕುವ ಪುಟ್ಟ ಪತ್ರಿಕೆಗಳು ಹುಟ್ಟಿಕೊಂಡವು. ಡೇವ್ ಕಾಕ್ರಮ್ ಎಂಬ ನೌಕಾಪಡೆಯ ಯುವಕ ಅವುಗಳಿಗೆ ಚಿತ್ರ ಕಳಿಸುತ್ತಿದ್ದ. ಕಾಮಿಕ್ಸ್ ಪ್ರಕಾಶಕರಿಗೆ ಓದುಗರ ಪತ್ರ ಬರೆಯುತ್ತಿದ್ದ. ನೌಕಾಪಡೆಯಲ್ಲಿದ್ದಾಗಲೇ ನೀಲಿ ಮೈಯ, ಬಾಲವಿರುವ ಒಂದು ಪಾತ್ರವನ್ನು ತನಗಾಗಿ ಕಲ್ಪಿಸಿಕೊಂಡಿದ್ದ. ಕೆಲಸ ಬಿಟ್ಟು ಬಂದ ಮೇಲೆ ಬೇರೆಯವರ ಪೆನ್ಸಿಲ್ ಚಿತ್ರಗಳಿಗೆ ಶಾಯಿ ತುಂಬುವುದರಿಂದ ಶುರು ಮಾಡಿದ. 1975ರಲ್ಲಿ ಲೆನ್ ವೀನ್ ಎಂಬ ಲೇಖಕನ ಜೊತೆ ಮಾರ್ವೆಲ್‌ಗಾಗಿ ಹೊಸ ಎಕ್ಸ್-ಮೆನ್ ತಂಡವನ್ನು ರೂಪಿಸಿದಾಗ, ಆ ಪಾತ್ರ 'ನೈಟ್‌ಕ್ರಾಲರ್' ಆಗಿ ಪುಟಕ್ಕೆ ಬಂತು. ಅಭಿಮಾನಿಯ ಪುಸ್ತಕದಲ್ಲಿ ಸೂಪರ್‌ಮ್ಯಾನ್ ಜೊತೆಗೆ ತನ್ನದೂ ಒಂದು ಪಾತ್ರ ಇದ್ದದ್ದು ಇಲ್ಲಿ ಕೆಲಸಕ್ಕೆ ಬಂತು.

ಹೊಸ ಕಾಲದ ಉದಾಹರಣೆ ಬ್ಯಾಬ್ಸ್ ಟಾರ್. ಜಪಾನಿನ 'ಸೇಲರ್ ಮೂನ್' ಹುಡುಗಿಯರನ್ನು ಬೈಕ್ ಗ್ಯಾಂಗಿನವರಂತೆ ಬಿಡಿಸಿದ ಅವರ ಅಭಿಮಾನಿ ಚಿತ್ರಗಳು ಇಂಟರ್‌ನೆಟ್‌ನಲ್ಲಿ ಹರಡಿದವು. 2014ರಲ್ಲಿ ಡಿ.ಸಿ. ಸಂಸ್ಥೆಯ 'ಬ್ಯಾಟ್‌ಗರ್ಲ್' ಮಾಸಿಕಕ್ಕೆ ಚಿತ್ರಕಾರ್ತಿಯಾದರು. ಅಲ್ಲಿಗೇ ನಿಲ್ಲಲಿಲ್ಲ. 2016ರಲ್ಲಿ ಅದೇ ಸಂಗಾತಿಗಳ ಜೊತೆ 'ಮೋಟರ್ ಕ್ರಶ್' ಎಂಬ ಸ್ವಂತ ಕಾಮಿಕ್ಸ್ ತಂದರು. ಬೇರೆಯವರ ಪಾತ್ರ, ಆಮೇಲೆ ಬೇರೆಯವರ ಪಾತ್ರಕ್ಕೇ ಸಂಬಳ, ಆಮೇಲೆ ತಮ್ಮದೇ ಪಾತ್ರ. ಈ ಮೂರು ಮೆಟ್ಟಿಲುಗಳನ್ನು ಗುರುತಿಸಿಕೊಳ್ಳಿ.

ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾದ ಹೆಸರು ಕಮಲಾ ಖಾನ್. 2014ರಲ್ಲಿ ಸ್ವಂತ ಮಾಸಿಕ ಪಡೆದ ಈ 'ಮಿಸ್ ಮಾರ್ವೆಲ್' ಪಾಕಿಸ್ತಾನ ಮೂಲದ ಅಮೆರಿಕನ್ ಮುಸ್ಲಿಂ ಹುಡುಗಿ. ಸಂಪಾದಕಿ ಸನಾ ಅಮಾನತ್, ಲೇಖಕಿ ಜಿ. ವಿಲ್ಲೋ ವಿಲ್ಸನ್, ಚಿತ್ರಕಾರ ಏಡ್ರಿಯನ್ ಅಲ್ಫೋನಾ ಮೊದಲಾದವರು ಸೇರಿ ಕಟ್ಟಿದ ಪಾತ್ರ. ಕಮಲಾ ಸ್ವತಃ ಅವೆಂಜರ್ಸ್ ಅಭಿಮಾನಿ, ಅವರ ಬಗ್ಗೆ ಕಥೆ ಬರೆಯುವವಳು. ಈ ಮಾಸಿಕದ ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಸ್ವಾರಸ್ಯ ಮುಂದಿದೆ. 2022ರ ಧಾರಾವಾಹಿಯಲ್ಲಿ ಕಮಲಾ ಆಗಿ ನಟಿಸಿದ ಇಮಾನ್ ವೆಲ್ಲಾನಿ ಆ ಕಾಮಿಕ್ಸ್‌ನ ಅಭಿಮಾನಿಯಾಗಿದ್ದವರೇ. 2023ರಲ್ಲಿ ಸಾಬಿರ್ ಪೀರ್‌ಜಾದಾ ಜೊತೆ ಸೇರಿ ಅದೇ ಪಾತ್ರದ ಕಾಮಿಕ್ಸ್ ಬರೆದರು. ಓದುಗಳು ಬರಹಗಾರ್ತಿಯಾದಳು.

ಭಾರತದಲ್ಲಿ? 'ಟಿಂಕಲ್' ಪತ್ರಿಕೆಯ ಸುಪ್ಪಾಂಡಿ ಹುಟ್ಟಿದ್ದು ತಿರುಚ್ಚಿಯ ಒಬ್ಬ ಓದುಗ ಕಳಿಸಿದ ಕಥೆಯಿಂದ. ಟಿಂಕಲ್ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು. ಅವರು ಕಟ್ಟಿದ 'ಅಮರ ಚಿತ್ರಕಥೆ'ಯಲ್ಲಿ 'ಮೀರಾಬಾಯಿ'ಯನ್ನು ಚಿತ್ರಿಸಿದವರು ಯೂಸುಫ್ ಲೀನ್, ಇನ್ನೊಂದು ಹೆಸರು ಯೂಸುಫ್ ಬೆಂಗಳೂರ್‌ವಾಲಾ. ಕೃಷ್ಣಭಕ್ತೆಯ ಕಥೆಗೆ ಒಬ್ಬ ಯೂಸುಫ್‌ನ ಕುಂಚ. ಈ ನಾಡಿನ ಚಿತ್ರಕಥೆಯ ಚರಿತ್ರೆಯಲ್ಲಿ ನಮಗೆ ಜಾಗವಿಲ್ಲ ಎಂದು ಯಾರಾದರೂ ಹೇಳಿದರೆ ಈ ಹೆಸರನ್ನು ಹೇಳಿ. ಇನ್ನು ಬಾರಾಮತಿಯ ಹುಡುಗ ಬಿಡಿಸುವ ಆ ನಾಗರಾಜ ಇದ್ದಾನಲ್ಲ, 1980ರ ದಶಕದಲ್ಲಿ ಅವನ ಮೊದಲ ಪುಸ್ತಕಗಳಿಗೆ ರೂಪ ಕೊಟ್ಟವರು ಅವನದೇ ಜಿಲ್ಲೆಯವರು, ಪುಣೆಯ ಪ್ರತಾಪ್ ಮುಳಿಕ್.

ಚಂದದ ಮುಖ ಸಾಲದು, ಪುಟ ಬೇಕು

ಈಗ ಹೊಳೆಯ ಮಾತಿಗೆ ಬರೋಣ. ಅಭಿಮಾನಿ ಚಿತ್ರ ಸಾಮಾನ್ಯವಾಗಿ ಒಂದೇ ಭಂಗಿ. ನಾಯಕ ಎದೆಯುಬ್ಬಿಸಿ ನಿಂತಿದ್ದಾನೆ, ಗಾಳಿಯಲ್ಲಿ ಬಟ್ಟೆ ಹಾರುತ್ತಿದೆ. ಲೈಕ್ ಬೀಳುತ್ತವೆ. ಕಾಮಿಕ್ಸ್ ಸಂಪಾದಕರು ನೋಡುವುದು ಬೇರೆ. ಅದೇ ನಾಯಕ ಬಸ್ಸಿನಿಂದ ಇಳಿದು, ಅಂಗಡಿಯಲ್ಲಿ ಚಿಲ್ಲರೆ ಕೇಳಿ, ಮನೆಗೆ ಬಂದು, ಅಮ್ಮನ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ಆರು ಚೌಕಗಳಲ್ಲಿ ತೋರಿಸಬಲ್ಲಿರಾ? ಆರರಲ್ಲೂ ಮುಖ ಒಬ್ಬನದೇ ಅನ್ನಿಸಬೇಕು. ಮಾತಿನ ಗುಳ್ಳೆಗೆ ಜಾಗ ಬಿಟ್ಟಿರಬೇಕು. ಮಾತು ಮುಚ್ಚಿ ನೋಡಿದರೂ ಏನು ನಡೆಯುತ್ತಿದೆ ಎಂದು ತಿಳಿಯಬೇಕು.

ಪುಟ ಹೀಗೆ ತಯಾರಾಗುತ್ತದೆ. ಮೊದಲು ಲೇಖಕರ ಕಥಾಪ್ರತಿ. ಅದನ್ನು ಓದಿ ಅಂಚೆಚೀಟಿಯಷ್ಟು ಚಿಕ್ಕದಾಗಿ ಪುಟದ ವಿನ್ಯಾಸ ಹಾಕಿಕೊಳ್ಳುವುದು. ನಂತರ ಪೆನ್ಸಿಲ್, ನಂತರ ಶಾಯಿ, ನಂತರ ಬಣ್ಣ, ಕೊನೆಗೆ ಅಕ್ಷರ. ದೊಡ್ಡ ಸಂಸ್ಥೆಗಳಲ್ಲಿ ಇವೆಲ್ಲ ಬೇರೆ ಬೇರೆ ಕೈಗಳ ಕೆಲಸ. ಅಂದರೆ ಕಾಮಿಕ್ಸ್‌ನಲ್ಲಿ ಒಂದಲ್ಲ, ಐದಾರು ವೃತ್ತಿಗಳಿವೆ. ನಿಮ್ಮ ಪೆನ್ಸಿಲ್ ಸಾಧಾರಣ, ಬಣ್ಣದ ಕಣ್ಣು ಚುರುಕು ಅಂತಾದರೆ ಬಣ್ಣಗಾರರಾಗಬಹುದು. ನಮ್ಮ ಉರ್ದು ಪತ್ರಿಕೆಗಳಲ್ಲಿ ಕಾತಿಬರು ಕೈಯಿಂದ ಪುಟ ಬರೆಯುತ್ತಿದ್ದ ಕಾಲವಿತ್ತು. ಕಾಮಿಕ್ಸ್‌ನ ಅಕ್ಷರಗಾರ ಆ ಕಾತಿಬನ ತಮ್ಮನೇ. ಭಾರತದ ಆದಿತ್ಯ ಬಿಡೀಕರ್ ಈ ಅಕ್ಷರದ ಕೆಲಸದಿಂದಲೇ ಹೊರದೇಶದ ಕಾಮಿಕ್ಸ್‌ಗಳಲ್ಲಿ ಹೆಸರು ಮಾಡಿದ್ದಾರೆ. ಮುಂಬೈಯ ಆನಂದ್ ರಾಧಾಕೃಷ್ಣನ್ 'ಬ್ಲೂ ಇನ್ ಗ್ರೀನ್' ಪುಸ್ತಕದ ಚಿತ್ರಗಳಿಗಾಗಿ ಜಾನ್ ಪಿಯರ್ಸನ್ ಜೊತೆ 2021ರ ಐಸ್ನರ್ ಪ್ರಶಸ್ತಿ ಪಡೆದರು. ಮನೆಯಲ್ಲೇ ಕೂತು ಅಮೆರಿಕದ ಪ್ರಕಾಶಕರಿಗೆ ಕೆಲಸ ಮಾಡುವುದು ಈಗ ಸಾಧ್ಯ.

ಇನ್ನೊಂದು ವಿಷಯ ಗಡುವು. ಅಮೆರಿಕದ ಮಾಸಿಕ ಕಾಮಿಕ್ಸ್ ಎಂದರೆ ತಿಂಗಳಿಗೆ ಸುಮಾರು ಇಪ್ಪತ್ತು ಪುಟ. ಮನಸ್ಸು ಬಂದಾಗ ಬಿಡಿಸುವುದು ಹವ್ಯಾಸ. ಜ್ವರ ಬಿಟ್ಟ ಮರುದಿನವೂ ಬಿಡಿಸುವುದು ವೃತ್ತಿ.

ಸಹಿ ಯಾರದು, ಹಕ್ಕು ಯಾರದು?

ಮಕ್ಕಳಿಗೆ ಯಾರೂ ಹೇಳದ, ಆದರೆ ಹೆಚ್ಚು ನಷ್ಟ ಮಾಡುವ ವಿಷಯ ಇದು. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ವಿಜ್ಞಾನ ಕಥೆಗಳ ಅಭಿಮಾನಿಗಳು. 1933ರಲ್ಲಿ ಶಾಲೆಯಲ್ಲಿದ್ದಾಗ ತಾವೇ ಒಂದು ಅಭಿಮಾನಿ ಪತ್ರಿಕೆ ಮಾಡಿ ಅದರಲ್ಲಿ 'ಸೂಪರ್‌ಮ್ಯಾನ್' ಎಂಬ ಹೆಸರನ್ನು ಮೊದಲ ಸಲ ಬಳಸಿದರು. 1938ರಲ್ಲಿ ಆ ಪಾತ್ರದ ಹಕ್ಕನ್ನು 130 ಡಾಲರಿಗೆ ಮಾರಿದರು. ಸೂಪರ್‌ಮ್ಯಾನ್ ಜಗತ್ತನ್ನೇ ಗೆದ್ದ, ಅವನನ್ನು ಹುಟ್ಟಿಸಿದವರು ಕೋರ್ಟು ಅಲೆದರು. 1975ರಲ್ಲಿ ಜನರ ಒತ್ತಡದ ಮೇಲೆ ವರ್ಷಕ್ಕೆ 20,000 ಡಾಲರ್ ಪಿಂಚಣಿಯೂ ಪುಟದ ಮೇಲೆ ಹೆಸರೂ ಸಿಕ್ಕಿತು. ಹೆಸರು ವಾಪಸ್ ಬರಲು ದಶಕಗಳೇ ಹಿಡಿದವು.

ಆದ್ದರಿಂದ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ನಾಲ್ಕು ಮಾತು ತಿಳಿದಿರಲಿ.

ಒಂದು, ಬೇರೆಯವರ ಪಾತ್ರವನ್ನು ಕಲಿಕೆಗಾಗಿ ಮನೆಯಲ್ಲಿ ಬಿಡಿಸುವುದು ಬೇರೆ, ಅದನ್ನು ಟೀಶರ್ಟಿಗೆ ಅಚ್ಚು ಹಾಕಿ ಮಾರುವುದು ಬೇರೆ. ಖಾಸಗಿ ಬಳಕೆಗೆ ಕಾಯ್ದೆಯಲ್ಲಿ ಸ್ವಲ್ಪ ಅವಕಾಶವಿದೆ. ಮಾರಾಟಕ್ಕೆ ಇಳಿದರೆ ಒಡೆಯರ ಅನುಮತಿ ಬೇಕು. ಪ್ರೀತಿಯಿಂದ ಬಿಡಿಸಿದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಎರಡು, ನೀವೇ ಸೃಷ್ಟಿಸಿದ ಚಿತ್ರದ ಹಕ್ಕು ಬಿಡಿಸಿದ ಕ್ಷಣದಿಂದಲೇ ನಿಮ್ಮದು. ನೋಂದಣಿ ಕಡ್ಡಾಯವಲ್ಲ. ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ.

ಮೂರು, ನೀವು ಸಂಬಳದ ನೌಕರರಾಗಿ ಮಾಡಿದ ಕೆಲಸದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ಹೊರಗಿನಿಂದ ಕೆಲಸ ಮಾಡಿಕೊಟ್ಟು ಹಕ್ಕು ಬಿಟ್ಟುಕೊಡುವಾಗ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ಹಾಗಾಗಿ ಕಾಗದ ಓದದೆ ಸಹಿ ಹಾಕಬೇಡಿ.

ನಾಲ್ಕು, ಹಕ್ಕು ಮಾರಿದ ಮೇಲೂ ಇದನ್ನು ಮಾಡಿದ್ದು ನಾನು ಎಂದು ಹೇಳಿಕೊಳ್ಳುವ ಹಕ್ಕನ್ನು ಕಾಯ್ದೆ ಕಲಾವಿದರಿಗೆ ಉಳಿಸಿದೆ. ಹಣ ಕಡಿಮೆ ಸಿಕ್ಕರೂ ಹೆಸರು ಬಿಡಬೇಡಿ.

ಹೆಸರು ಬರುತ್ತೆ, ಸದ್ಯ ಫ್ರೀಯಾಗಿ ಮಾಡಿಕೊಡು ಅಂತ ಕೇಳುವವರು ಸಿಗುತ್ತಾರೆ. ಶಾಲೆಯ ಗೋಡೆಪತ್ರಿಕೆಗೆ, ಮದರಸಾದ ಪುಸ್ತಿಕೆಗೆ ಖಿದ್ಮತ್ ಎಂದು ಮಾಡಿ, ಸಂತೋಷ. ಲಾಭಕ್ಕೆ ಮಾರುವವನಿಗೆ ಖಿದ್ಮತ್ ಬೇಕಿಲ್ಲ, ಅವನು ಮಜೂರಿ ಕೊಡಬೇಕು. ಕೂಲಿಯವನ ಬೆವರು ಆರುವ ಮುಂಚೆ ಕೂಲಿ ಕೊಡಿ ಎಂಬುದು ನಮಗೆ ಗೊತ್ತಿರುವ ನೀತಿಯೇ ಅಲ್ಲವೇ?

ಎಲ್ಲಿಂದ ಶುರು ಮಾಡಬೇಕು?

ಮಹಾರಾಷ್ಟ್ರದಲ್ಲಿ ಶಾಲಾ ಮಕ್ಕಳಿಗೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಸರ್ಕಾರಿ ಡ್ರಾಯಿಂಗ್ ಪರೀಕ್ಷೆಗಳಿವೆ. ಕರ್ನಾಟಕದಲ್ಲಿ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿವೆ. ನಮ್ಮ ಉರ್ದು ಶಾಲೆಗಳ ಬಹಳ ಮಕ್ಕಳಿಗೆ ಇವುಗಳ ಸುದ್ದಿಯೇ ತಲುಪುವುದಿಲ್ಲ. ಶಿಕ್ಷಕರೇ, ದಯವಿಟ್ಟು ತಲುಪಿಸಿ. ಪಿಯುಸಿ ನಂತರ ದೃಶ್ಯಕಲಾ ಪದವಿ ಓದಬಹುದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇದೆ, ಬಾರಾಮತಿಯವರಿಗೆ ಪುಣೆಯ ಅಭಿನವ ಕಲಾ ಮಹಾವಿದ್ಯಾಲಯ ಹತ್ತಿರ. ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆಯ ಬಳಿಯ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮೂಲ ಚಿತ್ರದ ಗೆರೆಯನ್ನು ಹತ್ತಿರದಿಂದ ನೋಡಿದರೆ ಮೊಬೈಲ್ ಕಲಿಸದ್ದನ್ನು ಕಲಿಯುತ್ತಾರೆ. ಕಾಮಿಕ್ ಕಾನ್ ಮೇಳ ನಡೆದಾಗ ಅಲ್ಲಿ ಕಲಾವಿದರ ಸಾಲು ಇರುತ್ತದೆ. ಒಳ್ಳೆಯ ಪುಟಗಳಿದ್ದರೆ ಅವರಿಗೆ ತೋರಿಸಿ ಸಲಹೆ ಕೇಳಬಹುದು.

ಪದವಿ ಓದುತ್ತಲೇ ಈ ಕೆಲಸ ಕಲಿಯಬಹುದು. ಲಕ್ಷ್ಮಣ್ ಕೂಡ ಹಾಗೇ ಮಾಡಿದರು. ಕಾಮಿಕ್ಸ್‌ನಲ್ಲಿ ಆದಾಯ ಏರುಪೇರು, ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಕನಸು ಮಾರಬಾರದು. ಆದರೆ ಪುಟ ಕಟ್ಟಲು ಕಲಿತ ಕೈ ಪಠ್ಯಪುಸ್ತಕದ ಚಿತ್ರ, ಅನಿಮೇಷನ್, ಜಾಹೀರಾತು, ಆಟದ ವಿನ್ಯಾಸ ಎಲ್ಲ ಕಡೆಯೂ ನಡೆಯುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ಒಂದು ಹೋಂವರ್ಕ್. ಈ ತಿಂಗಳು ನಾಯಕನ ಭಂಗಿಗಳನ್ನು ಸ್ವಲ್ಪ ಬದಿಗಿಡಿ. ನಿಮ್ಮ ಓಣಿಯಲ್ಲಿ ಇಫ್ತಾರಿಗೆ ಮುಂಚಿನ ಹತ್ತು ನಿಮಿಷ, ಅಥವಾ ದಾದಿ ಹೇಳಿದ ಒಂದು ಕಥೆ, ಅಥವಾ ಬಸ್‌ಸ್ಟ್ಯಾಂಡಿನ ಒಂದು ಜಗಳ, ಯಾವುದಾದರೂ ಒಂದನ್ನು ನಾಲ್ಕು ಪುಟಗಳ ಕಾಮಿಕ್ಸ್ ಮಾಡಿ. ಕನ್ನಡದಲ್ಲಿ, ಉರ್ದುವಿನಲ್ಲಿ, ಮನೆಯ ದಖ್ಖನಿ ಮಾತಿನಲ್ಲಿ, ಯಾವುದರಲ್ಲಾದರೂ ಸರಿ. ಮಾತು ಮುಚ್ಚಿ ಗೆಳೆಯನಿಗೆ ತೋರಿಸಿ. ಅವನಿಗೆ ಕಥೆ ಅರ್ಥವಾದರೆ ಕೊನೆಯ ಚೌಕದ ಕೆಳಗೆ ನಿಮ್ಮ ಹೆಸರು, ತಾರೀಖು ಬರೆಯಿರಿ. ಅರ್ಥವಾಗದಿದ್ದರೆ ಯಾವ ಚೌಕದಲ್ಲಿ ದಾರಿ ತಪ್ಪಿತು ಅಂತ ಅವನನ್ನೇ ಕೇಳಿ, ಆ ಪುಟವನ್ನು ಮತ್ತೆ ಬಿಡಿಸಿ.

ಪೋಷಕರೇ, ಆ ನಾಲ್ಕು ಪುಟಗಳನ್ನು ಒಮ್ಮೆ ಕೂತು ಓದಿ. ಹೊಗಳಬೇಕೆಂದೇನಿಲ್ಲ. ಇದನ್ನು ಮಾಡಿದ್ದು ನೀನೇನಾ, ಹೆಸರು ಎಲ್ಲಿ ಹಾಕಿದ್ದೀಯಾ ಎಂದು ಕೇಳಿದರೆ ಸಾಕು.